ಹೊಸಬರು ಒಂದು ಪ್ಯಾಚ್ ಕೊಟ್ಟು ಹೋಗಿಬಿಡುತ್ತಾರೆ. ಉಳಿದು ಕೋಡ್ ಕಲಿಯುವ ಹಾಗೆ ಮಾಡುವುದು ಹೇಗೆ?

ಸಾಲುಸಾಲು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಟಿಪ್ಪಣಿ ಬರೆದಿಟ್ಟುಕೊಳ್ಳುವ ಒಂದು ಸಣ್ಣ ಓಪನ್ ಸೋರ್ಸ್ (ಕೋಡ್ ಯಾರು ಬೇಕಾದರೂ ನೋಡಿ ತಿದ್ದಬಹುದಾದ) ಆ್ಯಪ್ ಇದೆ. ಅದರ ಮೂವರು ಮೇಂಟೇನರ್‌ಗಳಲ್ಲಿ, ಅಂದರೆ ಕೋಡ್ ನೋಡಿಕೊಳ್ಳುವವರಲ್ಲಿ, ನಾನೂ ಒಬ್ಬ. ಮೂವರಿಗೂ ಬೇರೆ ಕೆಲಸ ಇದೆ. ಇದನ್ನು ನೋಡಿಕೊಳ್ಳುವುದು ರಾತ್ರಿ ಹೊತ್ತು, ಇಲ್ಲವೇ ರಜೆಯ ದಿನ.

ಹೊಸಬರೇನೋ ಬರುತ್ತಲೇ ಇರುತ್ತಾರೆ. ಸುಲಭದ ಇಶ್ಯೂಗಳಿಗೆಲ್ಲ (ಇಶ್ಯೂ ಅಂದರೆ ಬಗ್ ಅಥವಾ ಬಾಕಿ ಕೆಲಸದ ದಾಖಲೆ) 'ಗುಡ್ ಫಸ್ಟ್ ಇಶ್ಯೂ' ಲೇಬಲ್ ಹಾಕಿದ್ದೇವೆ. ಪುಲ್ ರಿಕ್ವೆಸ್ಟ್ (ನನ್ನ ಪ್ಯಾಚ್, ಅಂದರೆ ಕೋಡ್‌ನ ಬದಲಾವಣೆ, ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಹೇಗೆ ಕಳಿಸಬೇಕು ಅಂತ ಒಂದು ಫೈಲ್ ಬರೆದಿಟ್ಟಿದ್ದೇವೆ. ಬಂದವರು ರೀಡ್‌ಮಿ ಅನ್ನುವ ಪರಿಚಯದ ಫೈಲ್‌ನಲ್ಲಿ ಒಂದು ಕಾಗುಣಿತ ತಿದ್ದುತ್ತಾರೆ, ಇಲ್ಲವೇ ಯಾವುದೋ ಬಟನ್‌ನ ಬಣ್ಣ ಸರಿ ಮಾಡುತ್ತಾರೆ. ನಾವು ಮರ್ಜ್ ಮಾಡಿ (ಮುಖ್ಯ ಕೋಡ್‌ಗೆ ಸೇರಿಸಿ) ಥ್ಯಾಂಕ್ಸ್ ಹೇಳುತ್ತೇವೆ. ಆಮೇಲೆ ಆ ಕಡೆಯಿಂದ ಸುದ್ದಿಯೇ ಇಲ್ಲ. ಎರಡನೇ ಸಲ ಬಂದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

ನನಗೆ ಪ್ಯಾಚ್‌ಗಳ ಲೆಕ್ಕ ಜಾಸ್ತಿ ಆಗಬೇಕು ಅಂತಿಲ್ಲ. ನಮ್ಮ ಆ್ಯಪ್‌ನಲ್ಲಿ ಸಿಂಕ್ ಮಾಡುವ, ಅಂದರೆ ಬೇರೆ ಬೇರೆ ಸಾಧನಗಳ ಟಿಪ್ಪಣಿಗಳನ್ನು ಒಂದೇ ಆಗಿಡುವ, ಭಾಗ ಒಂದಿದೆ. ಅದನ್ನು ಪೂರ್ತಿ ಬಲ್ಲವರು ನಮ್ಮಲ್ಲಿ ಒಬ್ಬರೇ. ಅವರಿಗೆ ನಾಳೆ ಬಿಡುವಾಗದೆ ಹೋದರೆ ಆ ಕೋಡ್ ಅನಾಥ. ಅದರೊಳಗೆ ಇಳಿದು, ಹೆದರದೆ ಕೈ ಹಾಕುವಷ್ಟು ಇನ್ನೊಬ್ಬರು ತಯಾರಾಗಬೇಕು. ಕಾಗುಣಿತ ತಿದ್ದಿದವರು ಅಲ್ಲಿಯವರೆಗೆ ಹೋಗುವ ದಾರಿ ಯಾವುದು? ನಿಮ್ಮ ಪ್ರಾಜೆಕ್ಟ್‌ಗಳಲ್ಲಿ ಏನು ಮಾಡಿದಿರಿ? ಆಗದೆ ಹೋದದ್ದನ್ನೂ ಹೇಳಿ, ಅದರಿಂದಲೂ ಉಪಯೋಗ ಇದೆ.

ಹಸಿರುಟಿಕ್

ಮೊದಲು ಎರಡು ಪ್ರಶ್ನೆ. ಹೊಸಬರೊಬ್ಬರು ಪುಲ್ ರಿಕ್ವೆಸ್ಟ್ ಕಳಿಸಿದ ಮೇಲೆ ಒಬ್ಬ ಮನುಷ್ಯರಿಂದ ಉತ್ತರ ಸಿಗುವುದಕ್ಕೆ ನಿಮ್ಮಲ್ಲಿ ಎಷ್ಟು ದಿನ ಬೇಕು? ಬಾಟ್ ಹಾಕುವ ಕಾಮೆಂಟ್ ಲೆಕ್ಕಕ್ಕಿಲ್ಲ.

ಇನ್ನೊಂದು, ಏನೂ ಇನ್‌ಸ್ಟಾಲ್ ಆಗಿರದ ಕಂಪ್ಯೂಟರ್‌ನಲ್ಲಿ ನಿಮ್ಮ ಆ್ಯಪ್ ಬಿಲ್ಡ್ ಆಗಿ (ಕೋಡ್‌ನಿಂದ ತಯಾರಾಗಿ) ಓಡುವುದಕ್ಕೆ ಎಷ್ಟು ಹೊತ್ತು? ಇದಕ್ಕೆ ಅಂದಾಜು ಹೇಳಬೇಡಿ. ನಿಜವಾಗಲೂ ಒಮ್ಮೆ ಮಾಡಿ ನೋಡಿ ಬಂದು ಹೇಳಿ. ಉಳಿದ ಮಾತು ಆಮೇಲೆ.

ಮೊದಲಪ್ಯಾಚ್

ನೀವು ಹೇಳುವ 'ಒಂದು ಪ್ಯಾಚ್ ಕೊಟ್ಟು ಹೋದವರ' ಪೈಕಿ ನಾನೂ ಒಬ್ಬಳು. ಬೇರೆ ಪ್ರಾಜೆಕ್ಟ್‌ನಲ್ಲಿ. ಆ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ಬಿಲ್ಡ್ ಮಾಡಲು ನನಗೆ ಎರಡು ವಾರಾಂತ್ಯ ಹಿಡಿಯಿತು. ಬಗ್ ಹುಡುಕಿ ಸರಿ ಮಾಡಿದ್ದು ಒಂದೇ ಸಂಜೆಯಲ್ಲಿ. ಪುಲ್ ರಿಕ್ವೆಸ್ಟ್ ಕಳಿಸಿ ಮೂರು ವಾರ ಕಾದೆ. ಯಾರೂ ಮಾತಾಡಲಿಲ್ಲ. ಕೇಳಿದರೆ ಕಿರಿಕಿರಿ ಮಾಡಿದ ಹಾಗೆ ಆಗುತ್ತದೇನೋ ಅಂತ ಸುಮ್ಮನಿದ್ದೆ. ಆಮೇಲೆ ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ ಹದಿನಾಲ್ಕು ಕಾಮೆಂಟ್ ಒಟ್ಟಿಗೆ ಬಿದ್ದಿವೆ. ಇಲ್ಲಿ ಸ್ಪೇಸ್ ಬಿಡಿ, ಈ ಹೆಸರು ಬದಲಿಸಿ, ಈ ಸಾಲು ಉದ್ದವಾಯಿತು. ಹದಿನಾಲ್ಕರಲ್ಲಿ ಒಂದೂ ನಾನು ಬಗ್ ಸರಿ ಮಾಡಿದ ರೀತಿಯ ಬಗ್ಗೆ ಇರಲಿಲ್ಲ. ಅದು ಸರಿಯೋ ತಪ್ಪೋ, ಬೇರೆ ಒಳ್ಳೆಯ ದಾರಿ ಇತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಎಲ್ಲ ತಿದ್ದಿ ಕಳಿಸಿದೆ, ಮರ್ಜ್ ಆಯಿತು. ಮತ್ತೆ ಅಲ್ಲಿಗೆ ಹೋಗಲು ಮನಸ್ಸಾಗಲಿಲ್ಲ.

ಅವರು ಯಾರೂ ಒರಟಾಗಿ ಮಾತಾಡಲಿಲ್ಲ. ಅದನ್ನೂ ಹೇಳಬೇಕು. ಆದರೆ ನಾನು ಅಲ್ಲಿ ಕಲಿತದ್ದು ಅವರ ಸ್ಪೇಸ್‌ನ ನಿಯಮ ಮಾತ್ರ.

ನನಗೆ ಬೇಕಾಗಿದ್ದದ್ದು ಬೇರೆ. ಒಂದು ಸಲ ನಾನು ಇಶ್ಯೂ ಒಂದರಲ್ಲಿ ಇದು ಎಲ್ಲಿಂದ ಬರುತ್ತಿದೆ ಅಂತ ಕೇಳಿದ್ದೆ. ಒಬ್ಬರು ಎರಡೇ ನಿಮಿಷದಲ್ಲಿ ಫೈಲ್ ಹೆಸರು, ಸಾಲಿನ ನಂಬರ್ ಕೊಟ್ಟರು. ಸಹಾಯವೇ, ಇಲ್ಲ ಅನ್ನುವುದಿಲ್ಲ. ಆದರೆ ಎರಡು ನಿಮಿಷದಲ್ಲಿ ಅವರಿಗೆ ಅದು ಹೇಗೆ ಸಿಕ್ಕಿತು? ಏನಂತ ಹುಡುಕಿದರು? ಯಾವ ಫೋಲ್ಡರ್ ಬಿಟ್ಟು ಯಾವ ಫೋಲ್ಡರ್ ತೆರೆದರು? ಅದನ್ನು ಹೇಳಿದ್ದರೆ ಮುಂದಿನ ಸಲ ನಾನೇ ಹುಡುಕಿಕೊಳ್ಳುತ್ತಿದ್ದೆ.

ಅರ್ಧವಿರಾಮ

ಮೊದಲಪ್ಯಾಚ್ ಅವರ ಕೊನೆಯ ಮಾತನ್ನು ಎರಡು ಸಲ ಓದಿದೆ. ನಮ್ಮಲ್ಲಿ ಕೆಲಸ ಮಾಡಿದ್ದೂ ಅದೇ. ಉತ್ತರ ಕೊಡುವ ಬದಲು, ಉತ್ತರ ಸಿಕ್ಕಿದ ದಾರಿ ತೋರಿಸುವುದು. ಒಂದು ಉದಾಹರಣೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಮ್ಮದು ಸುದ್ದಿ ಓದುವ ಆ್ಯಪ್. ಒಬ್ಬರು ಬಗ್ ಬರೆದಿದ್ದರು: ಪಟ್ಟಿಯಲ್ಲಿ ಕೆಲವು ಕನ್ನಡ ಶೀರ್ಷಿಕೆಗಳ ಕೊನೆಯಲ್ಲಿ ಕಪ್ಪು ಡಬ್ಬಿಯೊಳಗೆ ಪ್ರಶ್ನೆ ಚಿಹ್ನೆ ಕಾಣುತ್ತದೆ, ಎಲ್ಲದರಲ್ಲೂ ಅಲ್ಲ, ಕೆಲವದರಲ್ಲಿ. ನೋಡಿದ ಕೂಡಲೇ ನನಗೆ ಕಾರಣ ಹೊಳೆಯಿತು. ಉದ್ದದ ಶೀರ್ಷಿಕೆಯನ್ನು ನಮ್ಮ ಕೋಡ್ 40 ಬೈಟ್‌ಗೆ ಕತ್ತರಿಸುತ್ತಿತ್ತು. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ (ವ್ಯಂಜನ, ಗುಣಿತದ ಚಿಹ್ನೆ, ಹೀಗೆ) 3 ಬೈಟ್. ಹದಿಮೂರು ಸಂಕೇತಕ್ಕೆ 39. ಉಳಿದ ಒಂದು ಬೈಟ್ ತುಂಡಾಗಿ ನೇತಾಡುತ್ತದೆ, ಅದೇ ಆ ಡಬ್ಬಿ. ಖಾಲಿ ಜಾಗಕ್ಕೆ ಒಂದೇ ಬೈಟ್ ಆದ್ದರಿಂದ ನಡುವೆ ಒಂದು ಸ್ಪೇಸ್ ಬಂದ ಶೀರ್ಷಿಕೆಯಲ್ಲಿ ಲೆಕ್ಕ ಸರಿಹೋಗಿ ಡಬ್ಬಿ ಕಾಣುತ್ತಿರಲಿಲ್ಲ.

ನಾನೇ ಸರಿ ಮಾಡಿದ್ದರೆ ಹತ್ತು ನಿಮಿಷದ ಕೆಲಸ. ಮಾಡಲಿಲ್ಲ. ಇಶ್ಯೂನಲ್ಲಿ ಹೀಗೆ ಬರೆದೆ: 'ಪರದೆಯ ಮೇಲೆ ಪಟ್ಟಿ ಬಿಡಿಸುವ ಕೋಡ್ ಯಾವ ಫೋಲ್ಡರ್‌ನಲ್ಲಿದೆ ಅಂತ ಮೊದಲು ನೋಡಿ. ಶೀರ್ಷಿಕೆಯ ಕೊನೆಗೆ ನಾವು ಮೂರು ಚುಕ್ಕಿ ಸೇರಿಸುತ್ತೇವೆ, ಆ ಚುಕ್ಕಿಗಳನ್ನೇ ಹಿಡಿದು ಕೋಡ್‌ನಲ್ಲಿ ಹುಡುಕಿದರೆ ಜಾಗ ಸಿಗುತ್ತದೆ. ಏನನ್ನೂ ಸರಿ ಮಾಡುವ ಮೊದಲು ಒಂದು ಟೆಸ್ಟ್ ಬರೆಯಿರಿ. ಆ ಟೆಸ್ಟ್ ಕೆಂಪಾಗಬೇಕು, ಅಂದರೆ ಫೇಲ್ ಆಗಬೇಕು. ಕೆಂಪಾದ ಮೇಲೆ ಅದನ್ನಷ್ಟೇ ಕಳಿಸಿ, ಮಾತಾಡೋಣ.'

ಒಬ್ಬರು ಬಂದರು. ಟೆಸ್ಟ್ ಬರೆದರು, ಕೆಂಪಾಯಿತು. ಆಮೇಲೆ ಬೈಟ್ ಬದಲು ಸಂಕೇತಗಳನ್ನು ಎಣಿಸಿ ಕತ್ತರಿಸಿದರು. ಟೆಸ್ಟ್ ಹಸಿರಾಯಿತು. ಅಲ್ಲಿಗೇ ಮರ್ಜ್ ಮಾಡಿ ಕೈತೊಳೆದುಕೊಳ್ಳಬಹುದಿತ್ತು. ನಾನು ಒಂದೇ ಒಂದು ಪ್ರಶ್ನೆ ಹಾಕಿದೆ: 'ಸ್ತ್ರೀ ಅನ್ನುವ ಪದದಲ್ಲಿ ಎಷ್ಟು ಸಂಕೇತ ಇದೆ ಅಂತ ನಿಮ್ಮ ಪ್ರೋಗ್ರಾಂನಿಂದಲೇ ಎಣಿಸಿ ನೋಡಿ.'

ಮರುದಿನ ಉತ್ತರ ಬಂತು. 'ಕಣ್ಣಿಗೆ ಒಂದೇ ಅಕ್ಷರ, ಒಳಗೆ ಆರು ಸಂಕೇತ, 18 ಬೈಟ್. ಹಾಗಾದರೆ ನನ್ನ ಕೋಡ್ ಈಗಲೂ ಒತ್ತಕ್ಷರದ ಮಧ್ಯೆಯೇ ಕತ್ತರಿಸಬಹುದು ಅಲ್ವಾ?' ಜೊತೆಗೆ ಇನ್ನೊಂದು ಕೆಂಪು ಟೆಸ್ಟ್. ಅದನ್ನು ನಾನು ಕೇಳಿರಲಿಲ್ಲ, ಅವರಾಗಿಯೇ ಬರೆದಿದ್ದರು.

ಆ ಸಂದೇಶ ನೋಡಿ ನನಗಾದ ಖುಷಿಯನ್ನು ಇಲ್ಲಿ ಬರೆದು ಮುಗಿಸಲು ಆಗುವುದಿಲ್ಲ. ಇವತ್ತು ನಮ್ಮ ಆ್ಯಪ್‌ನಲ್ಲಿ ಪಠ್ಯಕ್ಕೆ ಸಂಬಂಧಿಸಿದ್ದನ್ನೆಲ್ಲ ರಿವ್ಯೂ ಮಾಡುವುದು, ಅಂದರೆ ಬದಲಾವಣೆ ಓದಿ ಪರಿಶೀಲಿಸುವುದು, ಅವರೇ. ನನಗಿಂತ ಚೆನ್ನಾಗಿ ಮಾಡುತ್ತಾರೆ.

ಟೊಂಗೆ

ಅರ್ಧವಿರಾಮ ಅವರದು ಒಬ್ಬರು ಇನ್ನೊಬ್ಬರಿಗೆ ಮಾಡಿದ್ದು. ದೊಡ್ಡ ಪ್ರಾಜೆಕ್ಟ್‌ಗಳು ಇದನ್ನೇ ಪದ್ಧತಿಯಾಗಿ ಮಾಡಿಕೊಂಡಿವೆ. ಅಲ್ಲಿಂದ ಕಲಿಯುವುದು ಇದೆ.

ನನಗೆ ತುಂಬ ಇಷ್ಟವಾದದ್ದು ಕಚೇರಿ ಕೆಲಸದ ತಂತ್ರಾಂಶ ಲಿಬ್ರೆಆಫೀಸ್‌ನವರು ಮಾಡಿದ್ದು. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದು ಬಂದ ಪ್ರಾಜೆಕ್ಟ್ ಅದು. ಕೋಡ್ ಅದಕ್ಕಿಂತ ಬಹಳ ಹಳೆಯದು. ಮೂಲದಲ್ಲಿ ಸ್ಟಾರ್‌ಆಫೀಸ್ ಅಂತ ಜರ್ಮನಿಯಲ್ಲಿ ಬರೆದದ್ದು. ಹಾಗಾಗಿ ಕೋಡ್ ತುಂಬ ಜರ್ಮನ್ ಭಾಷೆಯ ಕಾಮೆಂಟ್‌ಗಳು, ಅಂದರೆ ಕೋಡ್ ನಡುವೆ ಬರೆದ ವಿವರಣೆಗಳು. ಹೊಸಬರಿಗೆ ಅಂತ ಅವರು 'ಈಸಿ ಹ್ಯಾಕ್ಸ್' ಅನ್ನುವ ಪಟ್ಟಿ ಮಾಡಿದರು. ಅದರಲ್ಲಿ ಈ ಕಾಮೆಂಟ್‌ಗಳನ್ನು ಇಂಗ್ಲಿಷಿಗೆ ತರುವ ಕೆಲಸವೂ ಇತ್ತು. ಮೇಲುನೋಟಕ್ಕೆ ಸುಮ್ನೆ ಅನುವಾದ. ಆದರೆ ಕಾಮೆಂಟ್ ಸರಿಯಾಗಿ ಅನುವಾದಿಸಬೇಕಾದರೆ ಅದರ ಕೆಳಗಿರುವ ಕೋಡ್ ಓದಲೇಬೇಕು. ಏನನ್ನೂ ಕೆಡಿಸುವ ಭಯ ಇಲ್ಲದೆ ಹಳೆಯ ಕೋಡ್‌ನೊಳಗೆ ಓಡಾಡಿ ಬರಬಹುದು. ಪ್ಯಾಚ್ ಕಳಿಸುವುದು, ರಿವ್ಯೂ ಎದುರಿಸುವುದು ಎಲ್ಲವೂ ಅದರಲ್ಲೇ ರೂಢಿ ಆಗುತ್ತದೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನಲ್ಲೂ ಇಂಥದೊಂದು ಜಾಗ ಇದೆ, ಡ್ರೈವರ್ಸ್ ಒಳಗಿನ ಸ್ಟೇಜಿಂಗ್ ಫೋಲ್ಡರ್. ಇನ್ನೂ ಪೂರ್ತಿ ಹದಕ್ಕೆ ಬಾರದ ಡ್ರೈವರ್‌ಗಳು (ಯಂತ್ರದ ಭಾಗಗಳನ್ನು ನಡೆಸುವ ಕೋಡ್) ಅಲ್ಲಿರುತ್ತವೆ. ಎಷ್ಟೋ ಜನ ಕರ್ನಲ್‌ಗೆ ಮೊದಲ ಪ್ಯಾಚ್ ಕಳಿಸಿದ್ದು ಅಲ್ಲಿಂದಲೇ.

ಇನ್ನೊಂದು, ಲೇಬಲ್ ವಿಷಯ. 'ಗುಡ್ ಫಸ್ಟ್ ಇಶ್ಯೂ' ಅನ್ನುವುದು ಕೆಲಸ ಸುಲಭ ಅಂತ ಮಾತ್ರ ಹೇಳುತ್ತದೆ. ಸಿಕ್ಕಿಹಾಕಿಕೊಂಡರೆ ಯಾರನ್ನು ಕೇಳಬೇಕು ಅಂತ ಹೇಳುವುದಿಲ್ಲ. ರಸ್ಟ್ ಭಾಷೆಯ ಪ್ರಾಜೆಕ್ಟ್‌ನಲ್ಲಿ ಎರಡು ಬೇರೆ ಬೇರೆ ಲೇಬಲ್ ಇವೆ. ಇ-ಈಸಿ ಅಂದರೆ ಸುಲಭದ್ದು. ಇ-ಮೆಂಟರ್ ಅಂದರೆ ಈ ಇಶ್ಯೂ ಮಾಡುವವರಿಗೆ ಹೇಳಿಕೊಡಲು ಒಬ್ಬರು ತಯಾರಿದ್ದಾರೆ ಅಂತ. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದ ಬಗ್ ಪಟ್ಟಿ ಬಗ್‌ಜಿಲ್ಲಾದಲ್ಲಿ ಬಗ್‌ನ ಜೊತೆಗೇ ಮೆಂಟರ್ ಹೆಸರು ಹಾಕುವ ಜಾಗ ಇದೆ. ಸುಲಭದ ಕೆಲಸಕ್ಕಿಂತ ಗೊತ್ತಿರುವ ಒಬ್ಬ ಮನುಷ್ಯ ಸಿಗುವುದು ದೊಡ್ಡದು. ಹೇಳಿಕೊಡುವವರು ಇದ್ದರೆ ಹೊಸಬರು ಕಷ್ಟದ ಇಶ್ಯೂವನ್ನೂ ಮಾಡುತ್ತಾರೆ. ಯಾರೂ ಇಲ್ಲದಿದ್ದರೆ ಸುಲಭದ್ದರಲ್ಲೇ ಮುಳುಗುತ್ತಾರೆ.

ಹೊಸಬರನ್ನು ಓಪನ್ ಸೋರ್ಸ್‌ಗೆ ತರಲು 2005ರಲ್ಲಿ ಶುರುವಾದ ಗೂಗಲ್ ಸಮ್ಮರ್ ಆಫ್ ಕೋಡ್ ಕಾರ್ಯಕ್ರಮದ ಜೀವ ಇರುವುದೂ ಅಲ್ಲೇ, ಒಬ್ಬೊಬ್ಬರಿಗೂ ಮೆಂಟರ್ ಇರುತ್ತಾರೆ. ಮೊದಲು ಅದು ವಿದ್ಯಾರ್ಥಿಗಳಿಗೆ ಮಾತ್ರ ಇತ್ತು. 2022ರಿಂದ 18 ವರ್ಷ ದಾಟಿದ ಬೇರೆ ಹೊಸಬರೂ ಅರ್ಜಿ ಹಾಕಬಹುದು.

ಒಂಟಿಸರ್ವರ್

ಎಲ್ಲ ಓದಿದೆ. ಒಳ್ಳೆಯ ಮಾತುಗಳೇ. ಆದರೆ ನಾನು ಒಬ್ಬನೇ ಮೇಂಟೇನರ್. ನನ್ನ ಲೆಕ್ಕ ಹೀಗಿದೆ: ಬಗ್ ನಾನೇ ಸರಿ ಮಾಡಿದರೆ ಇಪ್ಪತ್ತು ನಿಮಿಷ. ಹೊಸಬರಿಗೆ ಹೇಳಿಕೊಟ್ಟು ಮಾಡಿಸಿದರೆ ವಾರದಲ್ಲಿ ಮೂರು ರಾತ್ರಿ. ಅಷ್ಟೆಲ್ಲ ಮಾಡಿದ ಮೇಲೆ ಅವರು ಉಳಿಯುತ್ತಾರೆ ಅನ್ನುವ ಭರವಸೆ ಇಲ್ಲ.

ಬರುವವರೆಲ್ಲ ಕಲಿಯಲು ಬರುತ್ತಾರೆ ಅಂತಲೂ ಇಲ್ಲ. 2020ರ ಅಕ್ಟೋಬರ್ ನೆನಪಿದೆಯಲ್ಲ. ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಬಹುಮಾನ ಕೊಡುತ್ತಿದ್ದ ಹ್ಯಾಕ್‌ಟೋಬರ್‌ಫೆಸ್ಟ್‌ನ ಟೀ ಶರ್ಟ್‌ಗೋಸ್ಕರ ರೀಡ್‌ಮಿಯಲ್ಲಿ ಒಂದು ಪದ ಸೇರಿಸಿದ ಪುಲ್ ರಿಕ್ವೆಸ್ಟ್‌ಗಳು ಎಷ್ಟೊಂದು ಪ್ರಾಜೆಕ್ಟ್‌ಗಳ ಮೇಲೆ ಸುರಿದವು. ಕೊನೆಗೆ ಪ್ರಾಜೆಕ್ಟ್‌ನವರು ತಾವಾಗಿ ಒಪ್ಪಿದರೆ ಮಾತ್ರ ಲೆಕ್ಕಕ್ಕೆ ಬರುವ ಹಾಗೆ ನಿಯಮ ಬದಲಿಸಬೇಕಾಯಿತು. ಈಗ ಎಐನಿಂದ ಬರೆಸಿದ ಪ್ಯಾಚ್‌ಗಳು. ನೋಡಲು ನೀಟಾಗಿರುತ್ತವೆ. ಈ ಸಾಲು ಯಾಕೆ ಬರೆದಿರಿ ಅಂತ ಕೇಳಿದರೆ ಕಳಿಸಿದವರಿಗೇ ಗೊತ್ತಿರುವುದಿಲ್ಲ. ನನ್ನ ಪ್ರಶ್ನೆಯನ್ನೂ ಅದಕ್ಕೇ ಹಾಕಿ, ಬಂದ ಉತ್ತರವನ್ನು ನನಗೆ ಅಂಟಿಸುತ್ತಾರೆ.

ದಣಿದಿದ್ದೇನೆ. ಹೇಳಿಕೊಡಬಾರದು ಅಂತ ಅಲ್ಲ. ಎಲ್ಲಿಂದ ತರಲಿ ಆ ಸಮಯ?

ಹಸಿರುಟಿಕ್

ಒಂಟಿಸರ್ವರ್ ಅವರೇ, ನೀವು ಹೇಳಿದ ಲೆಕ್ಕ ಸುಳ್ಳಲ್ಲ. ನಾನೂ ಅದೇ ಲೆಕ್ಕ ಹಾಕಿ ಎರಡು ವರ್ಷ ಎಲ್ಲವನ್ನೂ ನಾನೇ ಮಾಡಿದೆ. ಆಮೇಲೆ ಆರೋಗ್ಯ ಕೆಟ್ಟು ನಾಲ್ಕು ತಿಂಗಳು ಕೂರಲಾಗಲಿಲ್ಲ. ಪ್ರಾಜೆಕ್ಟ್ ಕೂಡ ನಾಲ್ಕು ತಿಂಗಳು ನಿಂತಿತು.

ವಾಪಸ್ ಬಂದ ಮೇಲೆ ಒಂದು ಮಿತಿ ಹಾಕಿಕೊಂಡೆ. ಒಮ್ಮೆಗೆ ಒಬ್ಬರಿಗೆ ಮಾತ್ರ ಹೇಳಿಕೊಡುವುದು. ಉಳಿದವರಿಗೆ ಎರಡು ದಿನದೊಳಗೆ ಒಂದು ಸಾಲಿನ ಉತ್ತರ ಖಂಡಿತ: 'ನೋಡಿದೆ, ಈ ತಿಂಗಳು ಕೂಲಂಕಷವಾಗಿ ರಿವ್ಯೂ ಮಾಡಲು ಆಗುವುದಿಲ್ಲ, ಮುಂದಿನ ತಿಂಗಳು ನೋಡುತ್ತೇನೆ.' ಜನ ಕಾಯುತ್ತಾರೆ. ಕಾಯುವುದು ಕಷ್ಟ ಅಲ್ಲ, ಮೌನ ಕಷ್ಟ. ಮೊದಲಪ್ಯಾಚ್ ಅವರು ಬರೆದದ್ದು ನೋಡಿ.

ಯಾರಿಗೆ ಹೇಳಿಕೊಡುವುದು ಅನ್ನುವುದಕ್ಕೂ ನನ್ನದೊಂದು ದಾರಿ ಇದೆ. ಮೊದಲ ಕೆಲಸವಾಗಿ ಕೋಡ್ ಕೊಡುವುದಿಲ್ಲ. ಹಳೆಯ ಬಗ್ ವರದಿ ಒಂದನ್ನು ಕೊಟ್ಟು, ಇದು ಈಗಿನ ಆವೃತ್ತಿಯಲ್ಲೂ ಆಗುತ್ತದಾ ನೋಡಿ ಹೇಳಿ ಅನ್ನುತ್ತೇನೆ. ಟೀ ಶರ್ಟ್‌ಗೆ ಬಂದವರು ಅಲ್ಲೇ ಹೊರಡುತ್ತಾರೆ. ಕಲಿಯಲು ಬಂದವರು ಅದನ್ನು ಮಾಡುವಷ್ಟರಲ್ಲಿ ಬಿಲ್ಡ್ ಮಾಡಿರುತ್ತಾರೆ, ಆ್ಯಪ್ ಬಳಸಿರುತ್ತಾರೆ, ಬಗ್ ಕಣ್ಣಾರೆ ಕಂಡಿರುತ್ತಾರೆ. ನನಗೂ ಒಂದು ಹಳೆಯ ಇಶ್ಯೂ ಕಡಿಮೆ ಆಗುತ್ತದೆ.

ಎರಡನೆಯ ಕೆಲಸ ಗಿಟ್ ಬೈಸೆಕ್ಟ್. ಗಿಟ್ ಅಂದರೆ ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಸಾಧನ, ಒಂದೊಂದು ದಾಖಲೆಗೆ ಕಮಿಟ್ ಅನ್ನುತ್ತಾರೆ. ಮೊದಲು ಸರಿಯಿದ್ದು ಈಚೆಗೆ ಕೆಟ್ಟ ಏನನ್ನಾದರೂ ಕೊಡುತ್ತೇನೆ. ಸರಿಯಿದ್ದ ಒಂದು ಕಮಿಟ್, ಕೆಟ್ಟ ಒಂದು ಕಮಿಟ್ ಹೇಳಿದರೆ ಗಿಟ್ ನಡುವಿನದನ್ನು ತೆರೆದುಕೊಡುತ್ತದೆ. ನೋಡಿ, ಸರಿಯೋ ಕೆಟ್ಟಿದೆಯೋ ಹೇಳಬೇಕು. ಮತ್ತೆ ಅರ್ಧ. ಸಾವಿರ ಕಮಿಟ್ ಇದ್ದರೂ ಸುಮಾರು ಹತ್ತು ಸಲದಲ್ಲಿ ತಪ್ಪು ಹೊಕ್ಕ ಕಮಿಟ್ ಸಿಕ್ಕಿಬಿಡುತ್ತದೆ. ಇದಕ್ಕೆ ನಮ್ಮ ಕೋಡ್ ಏನೂ ಗೊತ್ತಿರಬೇಕಾಗಿಲ್ಲ. ಆದರೆ ಮುಗಿಯುವ ಹೊತ್ತಿಗೆ, ಇದನ್ನು ಕೆಡಿಸಿದ ಬದಲಾವಣೆ ಯಾವುದು ಅನ್ನುವುದು ಇಡೀ ಪ್ರಾಜೆಕ್ಟ್‌ನಲ್ಲಿ ಅವರೊಬ್ಬರಿಗೇ ಗೊತ್ತಿರುತ್ತದೆ. ನಮಗೇ ಗೊತ್ತಿಲ್ಲದ್ದನ್ನು ಹೊಸಬರು ನಮಗೆ ಹೇಳುತ್ತಾರೆ. ಅಲ್ಲಿಂದ ಮುಂದೆ ಅವರ ಮಾತಿನ ಧಾಟಿಯೇ ಬದಲಾಗುತ್ತದೆ.

ಎಐ ಬಗ್ಗೆ: ನಾನು ಬೇಡ ಅನ್ನುವುದಿಲ್ಲ. ಕಳಿಸುವ ಪ್ರತಿ ಸಾಲಿನ ಅರ್ಥ ತಮ್ಮದೇ ಮಾತಲ್ಲಿ ಹೇಳಬೇಕು ಅಂತ ಮೊದಲೇ ಬರೆದಿಟ್ಟಿದ್ದೇನೆ. ಹೇಳಲು ಆಗದಿದ್ದರೆ ಮುಚ್ಚುತ್ತೇನೆ.

ಕಡತಕೋಣೆ

ನಾನು ಡಾಕ್ಯುಮೆಂಟೇಶನ್ ನೋಡಿಕೊಳ್ಳುವವಳು. ನಮ್ಮಲ್ಲಿ ಎಲ್ಲ ಫಂಕ್ಷನ್‌ಗೂ ವಿವರಣೆ ಇತ್ತು, ಆದರೂ ಹೊಸಬರು ದಾರಿ ತಪ್ಪುತ್ತಿದ್ದರು. ಒಂದೊಂದು ಮನೆಯ ವಿವರ ಇತ್ತು, ಊರಿನ ನಕ್ಷೆ ಇರಲಿಲ್ಲ.

ಹಾಗಾಗಿ ಒಂದು ಪುಟ ಬರೆದೆ. ಬಳಸುವವರು 'ಉಳಿಸು' ಬಟನ್ ಒತ್ತಿದರು ಅಂದುಕೊಳ್ಳಿ. ಆ ಒತ್ತು ಮೊದಲು ಯಾವ ಫೈಲ್‌ಗೆ ಬರುತ್ತದೆ, ಅಲ್ಲಿಂದ ಎಲ್ಲಿಗೆ, ಡೇಟಾಬೇಸ್‌ಗೆ ಬರೆಯುವುದು ಯಾರು, ಬರೆಯಲು ಆಗದಿದ್ದರೆ ಎರರ್ ಯಾವ ದಾರಿಯಲ್ಲಿ ವಾಪಸ್ ಬರುತ್ತದೆ. ಅಷ್ಟೇ. ಜೊತೆಗೆ ಐದು ಕಡೆ ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ಓಡುತ್ತಾ ನಿಲ್ಲಬೇಕಾದ ಗುರುತು) ಹಾಕಬೇಕಾದ ಜಾಗ ಗುರುತು ಮಾಡಿದೆ. ಓದುವವರು ಡಿಬಗ್ಗರ್ ಹಚ್ಚಿ, ಬಟನ್ ಒತ್ತಿ, ಐದು ಕಡೆಯೂ ನಿಂತು ನೋಡಬಹುದು. ನಾನು ಬರೆದದ್ದರಲ್ಲಿ ಜಾಸ್ತಿ ಜನ ಉಪಯೋಗ ಆಯಿತು ಅಂತ ಹೇಳಿದ್ದು ಈ ಒಂದು ಪುಟಕ್ಕೆ.

ಇನ್ನೊಂದು ವಿನಂತಿ. ಬಿಲ್ಡ್ ಮಾಡುವ ಸೂಚನೆಗಳಲ್ಲಿ ಏನು ಬಿಟ್ಟುಹೋಗಿದೆ ಅನ್ನುವುದು ಹೊಸಬರ ಕಣ್ಣಿಗೆ ಮಾತ್ರ ಕಾಣುತ್ತದೆ. ಅದೂ ಮೊದಲ ವಾರ ಮಾತ್ರ. ಆಮೇಲೆ ಅವರಿಗೂ ರೂಢಿಯಾಗಿಬಿಡುತ್ತದೆ. ಆ ವಾರದಲ್ಲೇ ಅವರಿಂದ ಅದನ್ನು ತಿದ್ದಿಸಿಕೊಳ್ಳಿ. ಆದರೆ ಅಲ್ಲೇ ಕಟ್ಟಿಹಾಕಬೇಡಿ. ಕೋಡ್ ಕಲಿಯಲು ಬಂದವರಿಗೆ ವರ್ಷಗಟ್ಟಲೆ ಕಾಗುಣಿತದ ಕೆಲಸವೇ ಕೊಡುತ್ತಾ ಇರುವುದನ್ನು ನೋಡಿದ್ದೇನೆ, ಬೇಜಾರಾಗುತ್ತದೆ.

ಟೊಂಗೆ

ಒಂದು ಮಾತು ಸೇರಿಸಬೇಕು, ಇದನ್ನು ಬಿಟ್ಟರೆ ಚರ್ಚೆ ಅರ್ಧ ಆಗುತ್ತದೆ. ಹೊಸಬರಿಗೆ ಯಾವಾಗ ಮರ್ಜ್ ಮಾಡುವ ಅಧಿಕಾರ ಕೊಡಬೇಕು?

ಫೈಲ್‌ಗಳನ್ನು ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ 2024ರ ಪ್ರಕರಣ ಎಲ್ಲರಿಗೂ ಗೊತ್ತು. ದಣಿದಿದ್ದ ಒಬ್ಬ ಮೇಂಟೇನರ್. ಒಳ್ಳೆಯ ಪ್ಯಾಚ್‌ಗಳನ್ನು ಕೊಡುತ್ತಾ, ಎರಡು ವರ್ಷಕ್ಕೂ ಜಾಸ್ತಿ ನಂಬಿಕೆ ಗಳಿಸಿದ ಸಹಾಯಕ. ಬೇಗ ಬೇರೆಯವರಿಗೂ ಅಧಿಕಾರ ಕೊಡಿ ಅಂತ ಒತ್ತಡ ಹಾಕಿದ ಇನ್ನು ಕೆಲವು ಖಾತೆಗಳು. ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು, ಅಂದರೆ ಕದ್ದು ಒಳನುಗ್ಗುವ ದಾರಿ. ಎಸ್‌ಎಸ್‌ಎಚ್ ಲಾಗಿನ್‌ಗೆ (ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗಲು) ಸುಮಾರು ಅರ್ಧ ಸೆಕೆಂಡು ಜಾಸ್ತಿ ಹಿಡಿಯುತ್ತಿದೆಯಲ್ಲ ಅಂತ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಬೆನ್ನು ಹತ್ತಿದ್ದರಿಂದ ಸಿಕ್ಕಿಬಿತ್ತು.

ಇದನ್ನು ಹೇಳಿದ್ದು ಹೊಸಬರನ್ನು ಅನುಮಾನದಿಂದ ನೋಡಿ ಅಂತ ಅಲ್ಲ. ನನಗೆ ಅದರಲ್ಲಿ ಕಂಡದ್ದು ಆ ಮೇಂಟೇನರ್‌ನ ಒಂಟಿತನ. ಕೋಡ್ ಬಲ್ಲವರು ನಾಲ್ಕು ಜನ ಇದ್ದಿದ್ದರೆ ಒಬ್ಬರ ಬದಲಾವಣೆಯನ್ನು ಇನ್ನೊಬ್ಬರು ಓದುತ್ತಿದ್ದರು. ನಮ್ಮಲ್ಲಿ ಈಗ ಯಾರದೇ ಆಗಲಿ, ಹತ್ತು ವರ್ಷದಿಂದ ಇರುವವರದೇ ಆಗಲಿ, ಇನ್ನೊಬ್ಬರು ಓದದೆ ಮರ್ಜ್ ಆಗುವುದಿಲ್ಲ. ಹೊಸಬರಿಗೆ ಮೊದಲು ರಿವ್ಯೂ ಮಾಡುವ ಜವಾಬ್ದಾರಿ ಕೊಡುತ್ತೇವೆ, ಮರ್ಜ್ ಆಮೇಲೆ. ನನ್ನ ಪ್ಯಾಚ್‌ನಲ್ಲೂ ತಪ್ಪು ಹುಡುಕಿ ಅಂತ ಅವರನ್ನು ಕೇಳುತ್ತೇನೆ. ಹುಡುಕಿದ್ದಾರೆ ಕೂಡ.

ಸಾಲುಸಾಲು

ಮೂರು ವಾರ ಆಯಿತು. ಹಸಿರುಟಿಕ್ ಅವರ ಎರಡು ಪ್ರಶ್ನೆಗೆ ಉತ್ತರ ತಂದಿದ್ದೇನೆ.

ಮೊದಲ ಉತ್ತರ ಸಿಗಲು ನಮ್ಮಲ್ಲಿ ಹೊಸಬರು ಕಾದ ದಿನಗಳನ್ನು ಕೂತು ನೋಡಿದೆ. ಎರಡು ವಾರಕ್ಕಿಂತ ಕಡಿಮೆ ಇದ್ದದ್ದು ಅಪರೂಪ. ನಾವು ಬೇಗ ಉತ್ತರ ಕೊಡುತ್ತೇವೆ ಅಂತಲೇ ನಾನು ಅಂದುಕೊಂಡಿದ್ದೆ. ನಮ್ಮ ಮೂವರ ನಡುವೆ ಬೇಗ ಕೊಟ್ಟುಕೊಳ್ಳುತ್ತೇವೆ, ಅದು ನಿಜ.

ಬಿಲ್ಡ್ ವಿಷಯ. ಏನೂ ಇಲ್ಲದ ವರ್ಚುವಲ್ ಮಷೀನ್ ಒಂದರಲ್ಲಿ ನಮ್ಮದೇ ಸೂಚನೆ ಅನುಸರಿಸಿದೆ. ನಾಲ್ಕನೇ ಹೆಜ್ಜೆಯಲ್ಲಿ ನಿಂತಿತು. ಒಂದು ಲೈಬ್ರರಿ (ಆ್ಯಪ್ ಬಳಸುವ ಸಿದ್ಧ ಕೋಡ್) ಇಲ್ಲ ಅಂತ ಎರರ್. ನಮ್ಮ ಮೂವರ ಲ್ಯಾಪ್‌ಟಾಪ್‌ನಲ್ಲೂ ಅದು ಯಾವಾಗಲೋ ಇನ್‌ಸ್ಟಾಲ್ ಆಗಿತ್ತು. ಹಾಗಾಗಿ ಸೂಚನೆಯಲ್ಲಿ ಬರೆಯಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಎಷ್ಟು ಜನ ಅಲ್ಲಿಯವರೆಗೆ ಬಂದು, ತಮ್ಮದೇ ತಪ್ಪು ಅಂದುಕೊಂಡು ಹಿಂದೆ ಹೋಗಿದ್ದಾರೋ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಆಮೇಲೆ ಮೊದಲಪ್ಯಾಚ್ ಅವರಿಗೆ ಮೆಸೇಜ್ ಮಾಡಿದೆ. ನಮ್ಮ ಆ್ಯಪ್ ಬಿಲ್ಡ್ ಮಾಡಿ ನೋಡುತ್ತೀರಾ, ನೀವು ಸ್ಕ್ರೀನ್ ತೋರಿಸಿ, ನಾನು ಬಾಯಿ ಬಿಡದೆ ನೋಡುತ್ತೇನೆ ಅಂತ. ಒಪ್ಪಿದರು. ಒಂದೂವರೆ ಗಂಟೆ ಕೂತೆವು. ಬಾಯಿ ಬಿಡದೆ ಇರುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಸಿಂಕ್ ಕೋಡ್ ನಮ್ಮಲ್ಲಿ 'ಕೋರಿಯರ್' ಅನ್ನುವ ಫೋಲ್ಡರ್‌ನಲ್ಲಿದೆ. ಅವರು 'ಸಿಂಕ್' ಅಂತ ಹುಡುಕಿದರು, ಸಿಗಲಿಲ್ಲ. 'ನೆಟ್‌ವರ್ಕ್' ಅಂತ ಹುಡುಕಿದರು, ಸಿಗಲಿಲ್ಲ. ಕೋರಿಯರ್ ಫೋಲ್ಡರ್ ಅವರ ಕಣ್ಣೆದುರಿಗೇ ಇತ್ತು. ಐದು ವರ್ಷದಿಂದ ಆ ಹೆಸರು ನಮಗೆ ಸಹಜ. ಹೊರಗಿನವರಿಗೆ ಅದು ಏನನ್ನೂ ಹೇಳುವುದಿಲ್ಲ ಅನ್ನುವುದನ್ನು ಆವತ್ತು ನೋಡಿದೆ.

ಈಗ ಮಾಡಿರುವುದು: ಬಿಟ್ಟುಹೋದ ಲೈಬ್ರರಿ ಸೂಚನೆಯಲ್ಲಿ ಸೇರಿಸಿದೆವು. ಫೋಲ್ಡರ್ ಹೆಸರು 'ಸಿಂಕ್' ಆಗಿದೆ. ವಾರಕ್ಕೊಬ್ಬರ ಸರದಿ ಇಟ್ಟುಕೊಂಡಿದ್ದೇವೆ, ಸರದಿಯವರು ಎರಡು ದಿನದೊಳಗೆ ಎಲ್ಲರಿಗೂ ಉತ್ತರ ಕೊಡಬೇಕು. 'ಗುಡ್ ಫಸ್ಟ್ ಇಶ್ಯೂ' ಲೇಬಲ್ ಅರ್ಧಕ್ಕರ್ಧ ತೆಗೆದುಹಾಕಿದ್ದೇವೆ. ಉಳಿದ ಒಂದೊಂದರಲ್ಲೂ ಯಾರನ್ನು ಕೇಳಬೇಕು, ಎಲ್ಲಿಂದ ಹುಡುಕಲು ಶುರು ಮಾಡಬೇಕು ಅಂತ ಬರೆದಿದ್ದೇವೆ. ಒಂದು ಇಶ್ಯೂಗೆ ಅರ್ಧ ಗಂಟೆ ಬೇಕಾಯಿತು ಅದನ್ನು ಬರೆಯಲು.

ಒಂಟಿಸರ್ವರ್

ಇಷ್ಟು ಓದಿದ ಮೇಲೆ ನಾನೂ ಒಂದು ಹಳೆಯ ಬಗ್ ಆರಿಸಿಕೊಂಡಿದ್ದೇನೆ, ಬೈಸೆಕ್ಟ್ ಮಾಡಿಸಲು. ಒಬ್ಬರಿಗೆ ಮಾತ್ರ. ಏನಾಯಿತು ಅಂತ ಬಂದು ಹೇಳುತ್ತೇನೆ.

ಮೊದಲಪ್ಯಾಚ್

ಸಾಲುಸಾಲು ಅವರೇ, ಇಲ್ಲೇ ಕೇಳುತ್ತೇನೆ, ಬೇರೆಯವರಿಗೂ ಉಪಯೋಗ ಆಗಬಹುದು. ನೆಟ್ ಇಲ್ಲದಾಗ ಅಳಿಸಿದ ಟಿಪ್ಪಣಿ ಸಿಂಕ್ ಆದ ಮೇಲೆ ಮತ್ತೆ ಜೀವ ತಳೆಯುವ ಬಗ್ ತೆಗೆದುಕೊಂಡಿದ್ದೇನೆ. ಕೆಂಪು ಟೆಸ್ಟ್ ಬರೆದಾಯಿತು. ಅಳಿಸಿದ ಟಿಪ್ಪಣಿಯನ್ನು ಡೇಟಾಬೇಸ್‌ನಿಂದ ಪೂರ್ತಿ ತೆಗೆದುಬಿಡುತ್ತಿದ್ದೀರಿ. ಹಾಗಾಗಿ ಸಿಂಕ್ ಬಂದಾಗ, ಇದು ಅಳಿಸಿದ್ದೋ ಅಥವಾ ಇನ್ನೂ ಇಲ್ಲಿಗೆ ಬಂದೇ ಇಲ್ಲವೋ ಅಂತ ಆ್ಯಪ್‌ಗೆ ಗೊತ್ತಾಗುತ್ತಿಲ್ಲ. ಅಳಿಸಿದೆ ಅನ್ನುವ ಗುರುತನ್ನು ಇಟ್ಟುಕೊಳ್ಳಬೇಕು ಅನ್ನಿಸುತ್ತದೆ. ಆದರೆ ಆ ಗುರುತನ್ನು ಎಷ್ಟು ದಿನ ಇಟ್ಟುಕೊಳ್ಳುವುದು? ಯಾವತ್ತೂ ಅಳಿಸದಿದ್ದರೆ ಗುಡ್ಡೆ ಬೀಳುತ್ತದಲ್ಲ?

ಸಾಲುಸಾಲು

ಕಾರಣ ನೀವು ಹೇಳಿದ್ದೇ. ಎಷ್ಟು ದಿನ ಅನ್ನುವುದಕ್ಕೆ ನನ್ನಲ್ಲಿ ಸಿದ್ಧ ಉತ್ತರ ಇಲ್ಲ, ಇಬ್ಬರೂ ಸೇರಿ ಯೋಚಿಸೋಣ. ನಾನು ಹೀಗೆ ನೋಡುತ್ತಿದ್ದೇನೆ: ಒಂದು ಫೋನ್ ಎರಡು ತಿಂಗಳು ಆಫ್ ಆಗಿತ್ತು ಅಂದುಕೊಳ್ಳಿ. ಗುರುತನ್ನು ನಾವು ಒಂದು ತಿಂಗಳಿಗೇ ತೆಗೆದಿದ್ದರೆ, ಅದು ಆನ್ ಆದ ದಿನ ಏನಾಗುತ್ತದೆ? ಹಿಂದೆ ಒಮ್ಮೆ ಗುರುತಿಡುವ ಕೋಡ್ ನಮ್ಮಲ್ಲೇ ಇತ್ತು, ಆಮೇಲೆ ತೆಗೆದಿದ್ದೆವು. ಕಮಿಟ್‌ಗಳ ಪಟ್ಟಿ ತೋರಿಸುವ ಗಿಟ್ ಲಾಗ್‌ಗೆ ದೊಡ್ಡ ಎಸ್ (-S) ಆಯ್ಕೆ ಕೊಟ್ಟು 'ಅಳಿಸಿದ ಸಮಯ' ಅನ್ನುವ ಕಾಲಂನ ಹೆಸರು ಹಾಕಿ. ಆ ಪದ ಕೋಡ್‌ಗೆ ಬಂದ ಕಮಿಟ್, ಹೋದ ಕಮಿಟ್ ಎರಡೂ ಸಿಗುತ್ತವೆ. ತೆಗೆದ ಕಮಿಟ್‌ನ ಸಂದೇಶ ಓದಿ. ಆಗ ಯಾಕೆ ತೆಗೆದೆವು ಅನ್ನುವುದು ಅಲ್ಲಿದೆ. ಆ ಕಾರಣ ಈಗಲೂ ಇದೆಯಾ ಇಲ್ಲವಾ, ಓದಿ ನೀವು ಹೇಳಿ.

ಮೊದಲಪ್ಯಾಚ್

ಎರಡೂ ಸಿಕ್ಕವು. ಗುರುತುಗಳು ಜಾಸ್ತಿಯಾಗಿ ಆ್ಯಪ್ ತೆರೆಯುವುದು ನಿಧಾನವಾಯಿತು ಅಂತ ತೆಗೆದಿದ್ದೀರಿ. ಆಗ ತೆರೆದ ಕೂಡಲೇ ಎಲ್ಲ ಟಿಪ್ಪಣಿಗಳನ್ನೂ ಓದುತ್ತಿತ್ತು. ಈಗ ಪರದೆಗೆ ಬೇಕಾದಷ್ಟನ್ನು ಮಾತ್ರ ಓದುತ್ತದೆ. ಹಾಗಾಗಿ ಆ ಕಾರಣ ಈಗ ಇಲ್ಲ ಅನ್ನಿಸುತ್ತದೆ, ಆದರೆ ಅಳೆದು ನೋಡದೆ ಹೇಳುವುದಿಲ್ಲ. ಹತ್ತು ಸಾವಿರ ಅಳಿಸಿದ ಟಿಪ್ಪಣಿ ತುಂಬಿಸಿ ನಾಳೆ ರಾತ್ರಿ ಓಡಿಸಿ ನೋಡುತ್ತೇನೆ.